ಮೂರನೇ ಕೋಣೆ ಆಮೇಲೆ ಕಟ್ಟಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗ ನಾಲ್ಕು ಹುಡುಗರು ಎಲ್ಲಿ ಸೇರಿದರೂ ಮಾತು ಹೋಂಸ್ಟೇಗೆ ಬಂದು ನಿಲ್ಲುತ್ತದೆ. ಎಲೆಚುಕ್ಕಿ ರೋಗ ಬಿದ್ದು ಅಡಿಕೆ ತೋಟ ಸೊರಗಿದೆ, ಬೆಂಗಳೂರಿನ ಕೆಲಸದ ಮೇಲೆ ಮೊದಲಿನ ಭರವಸೆ ಇಲ್ಲ, ಊರಿನ ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು ಬಿಟ್ಟರೆ ಯಾರೂ ಇಲ್ಲ. "ಹೋಂಸ್ಟೇ ಮಾಡಿದರೆ ಹೇಗೆ ದೊಡ್ಡಮ್ಮಾ?" ಎಂದು ಕೇಳುತ್ತೀರಿ. ಕೇಳುತ್ತಲೇ ಮೊಬೈಲಿನಲ್ಲಿ ಯಾವುದೋ ರೆಸಾರ್ಟಿನ ಫೋಟೊ ತೆಗೆದು ತೋರಿಸುತ್ತೀರಿ: ಗಾಜಿನ ಗೋಡೆಯ ಕಾಟೇಜು, ಈಜುಕೊಳ, ಮರದ ಮೇಲೊಂದು ಗೂಡು.

ಮಾಡಿ, ಖಂಡಿತ ಮಾಡಿ. ಆ ಫೋಟೊ ಮಾತ್ರ ಮುಚ್ಚಿಡಿ. ಇರುವ ಮನೆಯಲ್ಲಿ ಎರಡು ಕೋಣೆ ತೆರೆಯಿರಿ, ಕೈಯಲ್ಲಿರುವ ದುಡ್ಡನ್ನು ಫೋಟೊದಲ್ಲಿ ಕಾಣದ ಕಡೆ ಹಾಕಿ. ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಯಾಕೆ, ಹೇಗೆ ಎನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಲೆಕ್ಕ. ಮಲೆನಾಡಿನ ಹೋಂಸ್ಟೇಗಳಲ್ಲಿ ಕೋಣೆಗಿಂತ ತಲೆಗೆ ಇಷ್ಟು ಎಂದು ದರ ಹೇಳುವುದೇ ರೂಢಿ. ಸಂಜೆಯ ಕಾಫಿ, ರಾತ್ರಿ ಊಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತದೆ. ತಲೆಗೆ 1,500 ರೂಪಾಯಿ ಎಂದು ಇಟ್ಟುಕೊಳ್ಳಿ. ಎರಡು ಕೋಣೆ, ನಾಲ್ಕು ಜನ, ತಿಂಗಳಿಗೆ ಆರು ರಾತ್ರಿ ತುಂಬಿತು ಅಂದರೆ 36,000 ಬಂತು. ಊಟ-ತಿಂಡಿಗೆ ತಲೆಗೆ 400ರಂತೆ 9,600 ಹೋಯಿತು. ಕೆಲಸಕ್ಕೆ ಬರುವವರ ಕೂಲಿ, ಬಟ್ಟೆ ಒಗೆತ, ಕರೆಂಟು, ಸೌದೆ ಎಲ್ಲ ಸೇರಿ ತಲೆಗೆ 250 ಹಿಡಿದರೆ 6,000. ಅರ್ಧ ಜನ ಆ್ಯಪ್ ಮೂಲಕ ಬಂದರು, ಅವರ ಬಾಬ್ತಿನ 18,000ಕ್ಕೆ ನೂರಕ್ಕೆ 15ರಂತೆ ಕಮಿಷನ್ ಹೋಯಿತು ಅಂದರೆ 2,700. ಕೊನೆಗೆ ಕೈಯಲ್ಲಿ ಉಳಿಯುವುದು 17,700 ರೂಪಾಯಿ.

ಈಗ ಕಾಟೇಜಿನ ಆಸೆಗೆ ಬಿದ್ದು ಹತ್ತು ಲಕ್ಷ ಸಾಲ ಮಾಡಿದಿರಿ ಎನ್ನಿ. ನೂರಕ್ಕೆ 10ರ ಬಡ್ಡಿ, ಏಳು ವರ್ಷದ ವಾಯಿದೆ ಆದರೆ ತಿಂಗಳ ಕಂತು ಸುಮಾರು 16,600. ಎರಡು ಕೋಣೆಯ ಗಳಿಕೆ ಪೂರ್ತಿ ಬ್ಯಾಂಕಿಗೇ ಸರಿಹೋಯಿತು. ರಸ್ತೆ ಕುಸಿದು ಜನ ಬಾರದ ತಿಂಗಳೂ ಕಂತು ತಪ್ಪುವುದಿಲ್ಲ. ಆಗ ಏನಾಗುತ್ತದೆ? ಕಂತು ಕಟ್ಟಲಿಕ್ಕೆಂದು ಯಾರನ್ನು ಬೇಕಾದರೂ ಒಳಗೆ ಬಿಟ್ಟುಕೊಳ್ಳಬೇಕಾಗುತ್ತದೆ, ಹತ್ತು ಜನರ ಜಾಗದಲ್ಲಿ ಇಪ್ಪತ್ತು ಜನರನ್ನು ತುಂಬಬೇಕಾಗುತ್ತದೆ. ಸಾಲವಿಲ್ಲದವನಿಗೆ ಮಾತ್ರ "ಇವತ್ತು ಆಗುವುದಿಲ್ಲ" ಎನ್ನುವ ಧೈರ್ಯ ಇರುತ್ತದೆ. ಈ ಕಸುಬಿನಲ್ಲಿ ಆ ಮಾತು ಹೇಳಬೇಕಾದ ಸಂದರ್ಭ ಪದೇಪದೇ ಬರುತ್ತದೆ.

ಇನ್ನು ಕಾಗದಪತ್ರ. ನಮ್ಮ ಮೂರು ತಾಲ್ಲೂಕಿನಲ್ಲೂ ಭೂಮಿಯ ಕಥೆ ಸುಲಭದ್ದಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆಗ ಮುಳುಗಡೆಯಾಗಿ ಎದ್ದುಬಂದ ಕುಟುಂಬಗಳಲ್ಲಿ ಎಷ್ಟೋ ಜನ ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟವನ್ನು ನಾವು "ನಮ್ಮ ಬೆಟ್ಟ" ಎಂದು ಕರೆದರೂ ಅಲ್ಲಿ ನಮಗಿರುವುದು ಸೊಪ್ಪು, ದರಗು ತರುವ ಅನುಕೂಲ. ಕಟ್ಟಡ ಕಟ್ಟುವ ಹಕ್ಕಲ್ಲ. ಗುಡ್ಡದ ತುದಿಯಿಂದ ಹಿನ್ನೀರು ಚೆನ್ನಾಗಿ ಕಾಣುತ್ತದೆ ಎಂದು ಅಲ್ಲಿ ಕೋಣೆ ಎಬ್ಬಿಸಿದರೆ ಅರಣ್ಯ ಇಲಾಖೆಯವರು ಬಂದು ಕೆಡವಿಸುವ ದಿನ ಬರುತ್ತದೆ. ಆದ್ದರಿಂದ ಮೊದಲ ಖರ್ಚು ಸಿಮೆಂಟಿಗಲ್ಲ, ಪಹಣಿ ಮತ್ತು ಮನೆಯ ಇ-ಸ್ವತ್ತು ದಾಖಲೆ ನೋಡಿ ಸರಿಮಾಡಿಸಿಕೊಳ್ಳುವುದಕ್ಕೆ. ಜಂಟಿ ಖಾತೆಯಲ್ಲಿದ್ದರೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಮನೆ ಖಾಲಿ ಇದ್ದಷ್ಟು ದಿನ ಯಾರೂ ಕೇಳುವುದಿಲ್ಲ. ಅದು ದುಡಿಯಲು ಶುರುಮಾಡಿದ ಮೇಲೆ ಪಾಲಿನ ಮಾತು ಬರುತ್ತದೆ.

ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಾಯಿಸಿ. ನೋಂದಣಿಯ ತಳಹದಿಯೇ ಮನೆಯವರು ಆ ಮನೆಯಲ್ಲಿ ವಾಸ ಇರಬೇಕು ಎನ್ನುವುದು. ಕೇಂದ್ರ ಸರ್ಕಾರದ ಹೋಂಸ್ಟೇ ಯೋಜನೆಯಲ್ಲಿ ಆರು ಕೋಣೆಗೆ ಮಿತಿ ಇದೆ. ಬೆಂಗಳೂರಿನಲ್ಲಿ ಕುಳಿತು ಊರಿನ ಬೀಗದ ಕೈಯನ್ನು ಪಕ್ಕದ ಮನೆಯವನಿಗೆ ಕೊಟ್ಟು ನಡೆಸುವುದಕ್ಕೆ ಹೋಂಸ್ಟೇ ಎನ್ನುವುದಿಲ್ಲ. ಗ್ರಾಮ ಪಂಚಾಯಿತಿಗೆ ತಿಳಿಸಿ, ಠಾಣೆಗೂ ತಿಳಿಸಿ. ಬಂದವರ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆಯಿರಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಊಟ ಹಾಕುವುದರಿಂದ ಆಹಾರ ಸುರಕ್ಷತೆಯ ನೋಂದಣಿ ಬೇಕು. ಅಡುಗೆಗೆ ಮನೆ ಬಳಕೆಯ ಸಿಲಿಂಡರ್ ಬೇಡ, ವಾಣಿಜ್ಯ ಸಿಲಿಂಡರ್ ತನ್ನಿ. ಕರೆಂಟಿಗೆ ಯಾವ ದರ ಬೀಳುತ್ತದೆ ಎಂದು ಮೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ವರ್ಷದ ವಹಿವಾಟು 20 ಲಕ್ಷ ದಾಟದವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೂ ಲೆಕ್ಕದ ಪುಸ್ತಕ ಇಡಿ. ಇದೆಲ್ಲ ಸೇರಿ ದೊಡ್ಡ ದುಡ್ಡಿನ ಬಾಬ್ತಲ್ಲ. ಓಡಾಟ ಮಾತ್ರ ಇದೆ.

ಕೋಣೆ ಸಿದ್ಧಮಾಡಲು ಎರಡೂವರೆಯಿಂದ ಮೂರು ಲಕ್ಷದ ಮಿತಿ ಹಾಕಿಕೊಳ್ಳಿ. ಅದರಲ್ಲಿ ಅರ್ಧ ಬಚ್ಚಲು ಮತ್ತು ಪಾಯಿಖಾನೆಗೆ. ಕಾಲು ಭಾಗ ಹಾಸಿಗೆ-ಹೊದಿಕೆಗೆ. ಉಳಿದ ಕಾಲು ಭಾಗ ಹೆಂಚು, ವೈರಿಂಗ್, ಸೊಳ್ಳೆ ಜಾಲರಿಗೆ. ಅಲಂಕಾರಕ್ಕೆ ದುಡ್ಡೇ ಇಲ್ಲವಲ್ಲ ಎಂದಿರಾ? ಅದಕ್ಕೆ ಬರುತ್ತೇನೆ.

ಪೇಟೆಯಿಂದ ಬಂದವರು ಎಂಥ ಹಳೆಯ ಮನೆಯನ್ನಾದರೂ ಮೆಚ್ಚುತ್ತಾರೆ, ಆದರೆ ರಾತ್ರಿ ಮಳೆಯಲ್ಲಿ ಕೊಡೆ ಹಿಡಿದು ಹಿತ್ತಲ ಪಾಯಿಖಾನೆಗೆ ಹೋಗುವುದನ್ನು ಮೆಚ್ಚುವುದಿಲ್ಲ. ಕೋಣೆಗೆ ಹೊಂದಿಕೊಂಡೇ ಪಾಯಿಖಾನೆ ಇರಲಿ. ನೆಲ ಜಾರದ ಟೈಲ್ಸ್ ಇರಲಿ. ಒಂದಾದರೂ ಕಮೋಡ್ ಇರಲಿ, ಮಂಡಿನೋವಿನ ಅಜ್ಜ-ಅಜ್ಜಿಯರು ಸಿಗಂದೂರು, ವರದಹಳ್ಳಿ, ಹೊಂಬುಜ ನೋಡಲು ಬರುತ್ತಾರೆ. ನಾಲ್ಕು ಜನರ ಮನೆಗೆಂದು ತೋಡಿದ ಗುಂಡಿ ಎಂಟು ಜನರಿಗೆ ಸಾಲುವುದಿಲ್ಲ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದಾಗ ಅದು ಉಕ್ಕುತ್ತದೆ. ಹೊಸ ಗುಂಡಿಯನ್ನು ಬಾವಿಯಿಂದ ದೂರ, ಬಾವಿಗಿಂತ ಕೆಳಮಟ್ಟದಲ್ಲಿ ತೋಡಿಸಿ. ಗುಡ್ಡದಿಂದ ಪೈಪಿನಲ್ಲಿ ಇಳಿದುಬರುವ ಅಬ್ಬಿ ನೀರು ಏಪ್ರಿಲ್‌ನಲ್ಲಿ ಬತ್ತಬಹುದು. ಬೇಸಿಗೆ ರಜೆಯ ಜನ ಬರುವುದೂ ಆಗಲೇ. ಒಂದು ದೊಡ್ಡ ಟ್ಯಾಂಕ್ ಇಟ್ಟುಕೊಳ್ಳಿ. ಕುಡಿಯುವ ನೀರನ್ನು ಕಾಯಿಸಿ ಆರಿಸಿಯೇ ಕೊಡಿ.

ಸ್ನಾನದ ಬಿಸಿನೀರಿಗೆ ಹಂಡೆ ಬಿಡಬೇಡಿ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಮನೆಯಲ್ಲೇ ಇರುತ್ತದೆ. ಗಾಳಿಮಳೆಗೆ ಮರ ಬಿದ್ದು ಎರಡು-ಮೂರು ದಿನ ಕರೆಂಟು ಹೋದಾಗ ಪಕ್ಕದ ರೆಸಾರ್ಟಿನವರು ಗೀಸರ್ ನೋಡುತ್ತ ಕೂರುತ್ತಾರೆ, ನಿಮ್ಮ ಬಚ್ಚಲೊಲೆ ಉರಿಯುತ್ತಿರುತ್ತದೆ. ಖರ್ಚು ಕಡಿಮೆ ಎಂದು ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಮಾತ್ರ ಹಾಕಿಸಬೇಡಿ. ಅದು ಉರಿದಾಗ ಬರುವ ವಿಷಗಾಳಿಗೆ ವಾಸನೆ ಇಲ್ಲ; ಸ್ನಾನಕ್ಕೆ ಹೋದವರು ಹೊರಗೆ ಬರದೇ ಹೋದ ಉದಾಹರಣೆಗಳಿವೆ. ಹಳೆಯ ಮನೆಯ ವೈರಿಂಗ್ ಪೂರ್ತಿ ತೆಗೆಸಿ ಹೊಸದು ಹಾಕಿಸಿ, ಶಾಕ್ ಹೊಡೆದರೆ ತಾನೇ ಬೀಳುವ ಇಎಲ್‌ಸಿಬಿ ಸ್ವಿಚ್ ಕೂರಿಸಿ. ದೀಪ, ಫ್ಯಾನು, ಮೊಬೈಲ್ ಚಾರ್ಜಿಗೆ ಸಾಲುವಷ್ಟು ಯುಪಿಎಸ್ ಸಾಕು.

ಹಾಸಿಗೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮಳೆಗಾಲದಲ್ಲಿ ಮಲೆನಾಡಿನ ಹೋಂಸ್ಟೇಯ ಮಾನ ಉಳಿಯುವುದು, ಹೋಗುವುದು ಇದರಲ್ಲೇ. ಜುಲೈ ತಿಂಗಳಲ್ಲಿ ನಗರ, ಹುಲಿಕಲ್, ಆಗುಂಬೆ ಕಡೆ ಬಟ್ಟೆ ಒಣಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಹತ್ತಿ ತುಂಬಿದ ಗಾದಿ ಥಂಡಿ ಹೀರಿ ಭಾರವಾಗುತ್ತದೆ, ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ತೆಂಗಿನ ನಾರಿನ ಹಾಸಿಗೆ ಕೊಳ್ಳಿ, ಅಡಿಯಿಂದ ಗಾಳಿಯಾಡುವ ಪಟ್ಟಿಯ ಮಂಚ ಹಾಕಿ, ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಒಂದು ಮಂಚಕ್ಕೆ ಮೂರು ಜೊತೆ ಹೊದಿಕೆ-ದಿಂಬಿನ ಚೀಲ ಬೇಕು: ಒಂದು ಹಾಸಿದ್ದು, ಒಂದು ಒಗೆದದ್ದು, ಒಂದು ಒಣಗುತ್ತಿರುವುದು. ದಪ್ಪ ಟರ್ಕಿ ಟವೆಲ್ ಬೇಡ, ತೆಳುವಾದ ಹತ್ತಿ ಪಂಚೆ ಬೇಗ ಒಣಗುತ್ತದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ನಮಗೆ ತಿಳಿಯದ ಹಾಗೆ ಬಟ್ಟೆಗೆ ಹೊಗೆಯ ವಾಸನೆ ಹತ್ತುತ್ತದೆ. ನಮಗೆ ಅದು ಮನೆಯ ವಾಸನೆ, ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ಅಡಿಕೆ ಒಣಗಿಸಲು ಹಾಕಿರುವ ಪಾಲಿಹೌಸ್ ಮಳೆಗಾಲದಲ್ಲಿ ಖಾಲಿ ಇದ್ದರೆ ಒಂದು ಮೂಲೆಯನ್ನು ಬಟ್ಟೆಗೆ ಬಿಡಿ. ತೆರೆಯುವ ಮೊದಲು ಆಷಾಢದ ಮಳೆಯಲ್ಲಿ ನೀವು ಗಂಡ-ಹೆಂಡತಿ ಆ ಕೋಣೆಯಲ್ಲೇ ಒಂದು ವಾರ ಮಲಗಿ. ಎಲ್ಲಿ ಸೋರುತ್ತದೆ, ಎಲ್ಲಿ ಇರುವೆ ಏಳುತ್ತದೆ, ಯಾವ ಬಾಗಿಲು ಉಬ್ಬಿ ಮುಚ್ಚುವುದಿಲ್ಲ ಎಂದು ಇಂಜಿನಿಯರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಅಲಂಕಾರಕ್ಕೆ ಬಂದೆ. ನಮ್ಮ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ, ಹುರಿದ ಅಕ್ಕಿಯ ಕಪ್ಪು ಬಣ್ಣದಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಅದೇ ಚಿತ್ತಾರ. ಬಲ್ಲವರನ್ನು ಕರೆಸಿ, ಅವರು ಕೇಳಿದ ಕೂಲಿ ಚೌಕಾಸಿ ಮಾಡದೆ ಕೊಟ್ಟು ಒಂದು ಗೋಡೆ ಬರೆಸಿ. ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಯಲ್ಲಿ ಪರದೆ ಹೊಲಿಸಿ. ಅಟ್ಟದಲ್ಲಿರುವ ಅಜ್ಜನ ಕಾಲದ ಮೇಜು, ಗೂಡುದೀಪ ಇಳಿಸಿ ಒರೆಸಿ ಇಡಿ. ಅಂಗಡಿಯಿಂದ ಪ್ಲಾಸ್ಟಿಕ್ ಹೂವು, ಗೋಡೆಗೆ ಅಂಟಿಸುವ ಹಸಿರು ಹುಲ್ಲು ತರಬೇಡಿ. ಕಿಟಕಿಯಾಚೆ ನಿಜವಾದದ್ದೇ ಇದೆ. ಒಂದು ಮಾತು: ಅಜ್ಜ-ಅಜ್ಜಿ ಮಲಗುವ ಕೋಣೆಯಲ್ಲೇ ಒಳ್ಳೆಯ ಗಾಳಿ ಇದೆ ಎಂದು ಅವರನ್ನು ಬೇರೆ ಕಡೆ ಹಾಕಬೇಡಿ. ಆ ಕೋಣೆಯ ಬಾಡಿಗೆ ಯಾರಿಗೂ ದಕ್ಕುವುದಿಲ್ಲ.

ಊಟದಲ್ಲಿ ಹೋಟೆಲಿನವರ ಜೊತೆ ಪೈಪೋಟಿ ಬೇಡ. ಗೋಬಿ ಮಂಚೂರಿ ಸಾಗರ ಪೇಟೆಯಲ್ಲೂ ಸಿಗುತ್ತದೆ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಕಳಲೆ ಪಲ್ಯ, ಪತ್ರೊಡೆ, ಕೊಟ್ಟೆ ಕಡುಬು, ನೀರುದೋಸೆಗೆ ಜೋನಿಬೆಲ್ಲ: ಋತುವಿಗೆ ತಕ್ಕಂತೆ ಇವೇ ಸಾಕು, ಮತ್ತು ಇವಕ್ಕೆ ಬೇಕಾದ ಅರ್ಧ ಸಾಮಾನು ಹಿತ್ತಲಲ್ಲೇ ಇದೆ. ತೀರ್ಥಹಳ್ಳಿ ಕಡೆ ಅಕ್ಕಿರೊಟ್ಟಿ, ಕಡುಬು-ಕೋಳಿಸಾರು ಮಾಡುವ ಮನೆಯವರು ಅದನ್ನೇ ಮಾಡಿ. ಸಸ್ಯಾಹಾರದ ಮನೆಯಾದರೆ ಬುಕಿಂಗ್ ಮಾಡುವಾಗಲೇ ಸ್ಪಷ್ಟವಾಗಿ ಹೇಳಿ, ಬಂದ ಮೇಲೆ ಜಗಳವಿಲ್ಲ. ಎರಡು ಬಗೆಯ ಪಲ್ಯ ಸಾಕು, ಬಿಸಿಯಾಗಿರಲಿ. ಎಷ್ಟು ಜನ ಎಂದು ಹಿಂದಿನ ದಿನವೇ ತಿಳಿದಿರಬೇಕು. ತಿಳಿಸದೆ ಕೂಡಿಸಿಕೊಂಡು ಬಂದ ನಾಲ್ಕು ಜನಕ್ಕೆ ಅಡುಗೆ ಎಬ್ಬಿಸುವ ಅಭ್ಯಾಸ ಮಾಡಿಕೊಂಡರೆ ಅಡುಗೆಮನೆ ಯಾವತ್ತೂ ಮಲಗುವುದಿಲ್ಲ.

ಈಗ ನಾನು ಗಂಡುಹುಡುಗರಿಗೇ ಹೇಳಬೇಕಾದ ಮಾತು. ಜೀಪಿನಲ್ಲಿ ಅತಿಥಿಗಳನ್ನು ಕೂರಿಸಿಕೊಂಡು ಕೊಡಚಾದ್ರಿಗೆ ಹೋಗುವುದು, ಜಗಲಿಯಲ್ಲಿ ಕುಳಿತು ಕಾಡಿನ ಕಥೆ ಹೇಳುವುದು ನಿಮ್ಮ ಪಾಲಿಗೆ. ಬೆಳಗ್ಗೆ ಐದಕ್ಕೆ ಎದ್ದು ದೋಸೆ ಹುಯ್ಯುವುದು, ಹೊದಿಕೆ ಒಗೆಯುವುದು, ಪಾಯಿಖಾನೆ ತೊಳೆಯುವುದು ಹೆಂಡತಿಯ, ಅಮ್ಮನ ಪಾಲಿಗೆ. ದುಡ್ಡು ಮಾತ್ರ ನಿಮ್ಮ ಫೋನಿನ ಯುಪಿಐಗೆ! ಹೀಗೆ ನಡೆಸಿದ ಮನೆಗಳು ಹೆಚ್ಚು ದಿನ ನಡೆಯುವುದಿಲ್ಲ. ಹೆಂಗಸರು ಸುಸ್ತಾಗಿ ಕೈ ಎತ್ತುತ್ತಾರೆ, ಬೋರ್ಡು ಇಳಿಯುತ್ತದೆ. ಹೋಂಸ್ಟೇ ಹೆಸರಿನಲ್ಲಿ ಬೇರೆಯೇ ಬ್ಯಾಂಕ್ ಖಾತೆ ತೆಗೆಯಿರಿ, ಗಂಡ-ಹೆಂಡತಿ ಇಬ್ಬರ ಹೆಸರೂ ಇರಲಿ. ಊರಿನ ಒಬ್ಬಳನ್ನಾದರೂ ಸರಿಯಾದ ಕೂಲಿಗೆ ಇಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ: ಚೌತಿ, ದೀಪಾವಳಿ, ಮನೆಯ ಶ್ರಾದ್ಧ, ಕೊನೆಕೊಯ್ಲು ಮಾಡಿ ಅಡಿಕೆ ಸುಲಿಯುವ ವಾರ, ಮಕ್ಕಳ ಪರೀಕ್ಷೆ. ಆ ದಿನ ಆ್ಯಪ್‌ನಲ್ಲಿ ಬಾಗಿಲು ಮುಚ್ಚಿ. ವಾರದಲ್ಲಿ ಎರಡು ದಿನ ಯಾವ ಕಾರಣಕ್ಕೂ ಬುಕಿಂಗ್ ಬೇಡ.

ಜನ ಬರುವುದು ಯಾಕೆ, ಯಾವಾಗ ಎಂದೂ ತಿಳಿದಿರಬೇಕು. ಜೋಗ 253 ಮೀಟರಿನಿಂದ ಧುಮುಕುವುದು ನಿಜ, ಆದರೆ ಅಣೆಕಟ್ಟು ಬಂದ ಮೇಲೆ ಅದರ ವೈಭವ ಮಳೆಗಾಲದ್ದು. ಮಾರ್ಚಿನಲ್ಲಿ ಫೋನ್ ಮಾಡಿ "ನೀರಿದೆಯಾ?" ಎಂದು ಕೇಳಿದವರಿಗೆ ಸುಳ್ಳು ಹೇಳಿ ಕರೆಸಿಕೊಳ್ಳಬೇಡಿ. "ನೀರು ಕಡಿಮೆ, ಬದಲಿಗೆ ಇಕ್ಕೇರಿ, ಕೆಳದಿ ನೋಡಿ, ಕವಲೇದುರ್ಗ ಹತ್ತಿ, ಕುಪ್ಪಳಿಯ ಕವಿಮನೆಗೆ ಹೋಗಿ, ಕವಿಶೈಲದಲ್ಲಿ ಕೂತು ಬನ್ನಿ" ಎನ್ನಿ. ಅಕ್ಟೋಬರಿನಲ್ಲಿ ನೀನಾಸಂ ಶಿಬಿರ, ನಾಟಕ ಎಂದು ಹೆಗ್ಗೋಡಿಗೆ ಬರುವವರು ಬೇರೆ ಬಗೆಯ ಜನ. ಅವರಿಗೆ ಈಜುಕೊಳ ಬೇಡ, ಓದಲು ಒಳ್ಳೆಯ ದೀಪ ಬೇಕು. ಬೆಂಗಳೂರು, ಮೈಸೂರಿನಿಂದ ತಾಳಗುಪ್ಪದ ರೈಲು ಹತ್ತಿ ಕಾರಿಲ್ಲದೆ ಬರುವವರಿದ್ದಾರೆ. ಸಾಗರದ ನಿಲ್ದಾಣದಿಂದ ಕರೆತರುವ ಆಟೊದವನನ್ನು ಗೊತ್ತುಮಾಡಿಟ್ಟುಕೊಳ್ಳಿ.

ರಸ್ತೆಯೊಂದನ್ನೇ ನಂಬಿ ವ್ಯಾಪಾರ ಹೂಡಬೇಡಿ. ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಲಾಂಚ್ ಇದ್ದಾಗ ಸಿಗಂದೂರಿಗೆ ಹೋಗುವವರು ಕೊನೆಯ ಲಾಂಚಿನ ಹೊತ್ತು ನೋಡಿಕೊಂಡು ದಿನ ಹೊಂದಿಸಬೇಕಿತ್ತು. 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ತುಮರಿ, ಕರೂರು ಕಡೆಯ ಜನಕ್ಕೆ ಅದು ಬದುಕಿನ ಸೇತುವೆ. ದಡದಲ್ಲಿ ಕಾಯುವವರನ್ನೇ ನಂಬಿದ್ದ ವ್ಯಾಪಾರಕ್ಕೆ ಮಾತ್ರ ಬೇರೆ ದಾರಿ ಹುಡುಕಬೇಕಾಯಿತು. ದೇವಿಯ ದರ್ಶನ ಮುಗಿಸಿ ಅದೇ ಸಂಜೆ ಕೊಲ್ಲೂರಿಗೆ ಹೋಗಬಲ್ಲವನು ನಿಮ್ಮ ಮನೆಯಲ್ಲಿ ಉಳಿಯಬೇಕಾದರೆ ನಿಮ್ಮ ಮನೆಯೇ ಕಾರಣವಾಗಬೇಕು.

ಬಂದವರ ಜೀವದ ಹೊಣೆಯೂ ನಿಮ್ಮದೇ. ಇಂಬಳಕ್ಕೆ ಉಪ್ಪು, ಸುಣ್ಣ ಕೊಟ್ಟರಾಯಿತು, ಅದರಿಂದ ಯಾರೂ ಸಾಯುವುದಿಲ್ಲ. ಮಂಗನ ಕಾಯಿಲೆ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆದುಕೊಂಡಿತು. ಡಿಸೆಂಬರಿನಿಂದ ಮೇವರೆಗೆ ಅದನ್ನು ಹರಡುವ ಉಣುಗು ಹೆಚ್ಚಿರುವ ಕಾಲ. ಆಗ ಅತಿಥಿಗಳನ್ನು ದರಗು ಬಿದ್ದ ಕಾಡಿನೊಳಗೆ "ಟ್ರೆಕ್ಕಿಂಗ್" ಎಂದು ಕರೆದೊಯ್ಯಬೇಡಿ. ಮಂಗ ಸತ್ತ ಸುದ್ದಿ ಬಂದರೆ ಆ ಕಡೆ ಸುಳಿಯಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣುಗು ತಡೆಯಲು ಆಶಾ ಕಾರ್ಯಕರ್ತೆಯರು ಕೊಡುವ ಎಣ್ಣೆ ಮನೆಯಲ್ಲಿರಲಿ. ಹೊಳೆಗೆ, ಹಿನ್ನೀರಿಗೆ ಇಳಿಯುವುದಕ್ಕೆ ಸಾರಾಸಗಟಾಗಿ "ಬೇಡ" ಎನ್ನಿ. ಮೇಲ್ನೋಟಕ್ಕೆ ನಿಂತ ನೀರಿನ ಅಡಿಯಲ್ಲಿ ಮುಳುಗಿದ ಮರದ ಬೊಡ್ಡೆ, ಕೆಸರು ಇರುತ್ತದೆ. ಹತ್ತಿರದ ಆಸ್ಪತ್ರೆಯ, ಹಾವು ಹಿಡಿಯುವವರ, ಜೀಪಿನವರ ನಂಬರ್ ಬರೆದು ಗೋಡೆಗೆ ಅಂಟಿಸಿ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದೂ ಅಲ್ಲೇ ಬರೆಯಿರಿ.

ಊರಿನವರ ಜೊತೆ ಹೊಂದಿಕೊಂಡೇ ಇದನ್ನು ನಡೆಸಬೇಕು. ರಾತ್ರಿ ಹತ್ತರ ಮೇಲೆ ಸ್ಪೀಕರ್ ಇಲ್ಲ, ಅಂಗಳದಲ್ಲಿ ಕುಡಿದು ಕೂಗಾಡುವುದಿಲ್ಲ, ಬಾಟಲಿ ತೋಟಕ್ಕೆ ಎಸೆಯುವುದಿಲ್ಲ. ಈ ಮೂರನ್ನು ಬುಕಿಂಗ್ ಮಾಡುವಾಗಲೇ ಹೇಳಿ. ಪರವಾನಗಿ ಇಲ್ಲದೆ ಮದ್ಯ ಕೊಡುವುದು ಅಪರಾಧ, ಅದರ ಗೋಜಿಗೇ ಹೋಗಬೇಡಿ. ತೋಟದಲ್ಲಿ ಬಿದ್ದ ಒಂದು ಒಡೆದ ಬಾಟಲಿಗೆ ಪಕ್ಕದ ಮನೆಯ ದನದ ಕಾಲು ಸೀಳಿದರೆ, ಮುಂದೆ ನಿಮ್ಮ ಮನೆಗೆ ದಾರಿ ಕೇಳಿದವರಿಗೆ ಊರಿನವರು ದಾರಿ ತೋರಿಸುವುದಿಲ್ಲ. ಹಾಲು, ತರಕಾರಿ, ಜೇನು, ಅಪ್ಪೆಮಿಡಿ ಉಪ್ಪಿನಕಾಯಿ ಊರಿನವರಿಂದಲೇ ಕೊಳ್ಳಿ. ನಿಮ್ಮ ಬಾಗಿಲಿಗೆ ಬಂದ ದುಡ್ಡಿನಲ್ಲಿ ನಾಲ್ಕು ಮನೆಗೆ ನಾಲ್ಕು ಕಾಸು ಹೋದರೆ ಕಾರು ನಿಲ್ಲಿಸಲು ಜಾಗ ಅವರೇ ಕೊಡುತ್ತಾರೆ.

ಮಳೆಗಾಲದಲ್ಲಿ ಮಲಗಿ ನೋಡಿದ್ದಾದ ಮೇಲೆ ದೀಪಾವಳಿ ಕಳೆದು ಶುರುಮಾಡಿ. ಗುರುತಿನವರ ಗುರುತಿನವರು ಮೊದಲು ಬರಲಿ, ಆ್ಯಪ್ ಆಮೇಲೆ. ಒಂದು ಸುತ್ತು ಮಳೆ, ಚಳಿ, ಬೇಸಿಗೆ ಎಲ್ಲ ನೋಡಿ, ಮುಂದಿನ ದೀಪಾವಳಿಗೆ ಲೆಕ್ಕದ ಪುಸ್ತಕ ತೆರೆದು ಇಬ್ಬರೂ ಎದುರುಬದುರು ಕೂರಿ. ಉಳಿದದ್ದೆಷ್ಟು ಎಂದು ಕೂಡಿಸಿ. ನಿಮ್ಮಿಬ್ಬರಲ್ಲಿ ಇನ್ನೂ ಮಾತುಕತೆ ಇದೆಯೇ ಎಂದೂ ನೋಡಿಕೊಳ್ಳಿ. ಮೂರನೇ ಕೋಣೆ ಕಟ್ಟುವ ದುಡ್ಡನ್ನು ಮೊದಲ ಎರಡು ಕೋಣೆಗಳೇ ದುಡಿದು ಕೊಡಬೇಕು. ಕೊಡಲಿಲ್ಲವೋ, ಎರಡೇ ಸಾಕು.